ಬೀಗ ಹಾಕಿದ ಮನೆಯಲ್ಲೂ ಮೀಟರ್ ಓಡುತ್ತದೆ: ಊರಿನ ಮನೆಯ ಕರೆಂಟು ಮತ್ತು ವಿಮೆ

ಅಮ್ಮ ಬೆಂಗಳೂರಿಗೆ ಬಂದು ನಮ್ಮ ಜೊತೆ ಇರತೊಡಗಿದ ಮೇಲೆ ತೀರ್ಥಹಳ್ಳಿ ಕಡೆಯ ನಮ್ಮ ಹಂಚಿನ ಮನೆಗೆ ಬೀಗ ಬಿತ್ತು. ಮೊದಲ ಸಲ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಮೇನ್ ಸ್ವಿಚ್ ಇಳಿಸಿ, ಬೀಗದ ಕೈ ಪಕ್ಕದ ಮನೆಯ ಅಕ್ಕನಿಗೆ ಕೊಟ್ಟು ಬಸ್ ಹತ್ತಿದೆ. ಮೂರು ತಿಂಗಳು ಬಿಟ್ಟು ಹೋದರೆ ಇನ್ವರ್ಟರ್ ಬ್ಯಾಟರಿ ಸತ್ತಿತ್ತು, ಮುಚ್ಚಿದ ಫ್ರಿಜ್‌ನೊಳಗೆ ಕಪ್ಪು ಬೂಷ್ಟು ಬೆಳೆದಿತ್ತು, ಅಟ್ಟದ ವೈರನ್ನು ಇಲಿ ಕಡಿದಿತ್ತು.

ಅದಕ್ಕಿಂತ ದೊಡ್ಡ ಪೆಟ್ಟು ಮರುವರ್ಷದ ಆಷಾಢದಲ್ಲಿ ಬಿತ್ತು. ಗಾಳಿಗೆ ಹಲಸಿನ ಮರದ ಕೊಂಬೆ ಮುರಿದು ಅಡುಗೆಮನೆಯ ಮಾಡು ಕುಸಿಯಿತು. ವಿಮೆ ಇದೆಯಲ್ಲ ಎಂದು ಧೈರ್ಯವಾಗಿದ್ದೆ. ವಿಮಾ ಕಂಪನಿಯ ಪರವಾಗಿ ನಷ್ಟ ಅಂದಾಜು ಮಾಡಲು ಬಂದ ಸರ್ವೇಯರ್ ಮಾಡಿನ ಕಡೆ ಕತ್ತೆತ್ತುವ ಮೊದಲೇ ಕೇಳಿದ್ದು ಹಿಂದಿನ ಆರು ತಿಂಗಳ ಕರೆಂಟ್ ಬಿಲ್. ಐದು ಬಿಲ್‌ಗಳಲ್ಲಿ ಬಳಕೆ ಸೊನ್ನೆ. ನನ್ನ ಹಳೆಯ ಪಾಲಿಸಿಯಲ್ಲಿ, ಮನೆ 30 ದಿನಕ್ಕಿಂತ ಹೆಚ್ಚು ಕಾಲ ವಾಸವಿಲ್ಲದೆ ಇದ್ದರೆ ರಕ್ಷಣೆ ನಿಲ್ಲುತ್ತದೆ ಎಂಬ ಷರತ್ತು ಇತ್ತು. ನಾನು ಓದಿರಲಿಲ್ಲ. ಪರಿಹಾರ ಬರಲಿಲ್ಲ.

ಕರೆಂಟ್ ಬಿಲ್ ಮತ್ತು ವಿಮೆ ಎರಡು ಬೇರೆ ಕಡತಗಳು ಎಂದುಕೊಂಡಿದ್ದವನಿಗೆ ಅವತ್ತು ಗೊತ್ತಾಯಿತು, ಬೀಗ ಹಾಕಿದ ಮನೆಯ ದಿನಚರಿ ಬರೆಯುವುದು ಮೀಟರ್. ಆ ದಿನಚರಿಯನ್ನು ವಿಮೆಯವರು ಓದುತ್ತಾರೆ. ಆದ್ದರಿಂದ ಮೊದಲು ನಾವು ಓದಿಕೊಂಡಿರಬೇಕು. ಕೆಳಗಿನದ್ದು ನಾನು ಈಗ ಅನುಸರಿಸುವ ಕ್ರಮ. ಮಲೆನಾಡು, ಕರಾವಳಿಯ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಬಯಲುಸೀಮೆಯ ಆರ್‌ಸಿಸಿ ಮನೆಗೆ ಮಳೆಯ ಮಾತು ಸ್ವಲ್ಪ ಕಡಿಮೆ ಅನ್ವಯಿಸುತ್ತದೆ, ಉಳಿದದ್ದೆಲ್ಲ ಅಲ್ಲಿಗೂ ಹಾಗೆಯೇ.

ಮೊದಲನೆಯದು: ಹೆಸರು ಯಾರದು?

ಇದನ್ನು ಎಲ್ಲರೂ ಕೊನೆಗೆ ನೋಡುತ್ತಾರೆ. ಮೊದಲು ನೋಡಬೇಕು. ತಂದೆ ತೀರಿಕೊಂಡು ಹತ್ತು ವರ್ಷವಾದರೂ ಕರೆಂಟ್ ಬಿಲ್ ಅವರ ಹೆಸರಿನಲ್ಲೇ ಬರುತ್ತಿರುತ್ತದೆ, ಪಂಚಾಯಿತಿಯ ಖಾತೆಯೂ ಅವರದ್ದೇ. ಪಾಲಿಸಿ ಮಾತ್ರ ಬೆಂಗಳೂರಿನಲ್ಲಿರುವ ಮಗನ ಹೆಸರಿನಲ್ಲಿ. ನಷ್ಟವಾದಾಗ ‘ಈ ಮನೆಗೂ ನಿಮಗೂ ಏನು ಸಂಬಂಧ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತಿನ ದಾಖಲೆಯಲ್ಲಿ ವಾರಸುದಾರರ ಹೆಸರು ಬರುವಂತೆ ಖಾತೆ ಬದಲಾಯಿಸಿಕೊಳ್ಳಿ, ಪಟ್ಟಣದಲ್ಲಿದ್ದರೆ ಇ-ಖಾತೆ ಮಾಡಿಸಿ. ಆಮೇಲೆ ಅದೇ ಕಾಗದ ಹಿಡಿದು ವಿದ್ಯುತ್ ಕಚೇರಿಯಲ್ಲಿ ಆರ್‌.ಆರ್‌. ಸಂಖ್ಯೆಯ, ಅಂದರೆ ವಿದ್ಯುತ್ ಸಂಪರ್ಕದ ಗುರುತು ಸಂಖ್ಯೆಯ, ಹೆಸರು ಬದಲಾಯಿಸಿ.

ಅಣ್ಣತಮ್ಮಂದಿರ ನಡುವೆ ಪಾಲಾಗದ ಮನೆಯಾದರೆ ಪಾಲಿಸಿಯಲ್ಲಿ ಎಲ್ಲರ ಹೆಸರನ್ನೂ ಸೇರಿಸುವುದು ಒಳ್ಳೆಯದು. ಪ್ರೀಮಿಯಂ ಒಬ್ಬರೇ ಕಟ್ಟಿದರೂ ಅಡ್ಡಿಯಿಲ್ಲ. ಈ ವಿಷಯ ಎತ್ತಿದಾಗ ಮನೆಯಲ್ಲಿ ಬೇರೆ ಹಳೆಯ ಮಾತುಗಳೂ ಎದ್ದು ಬರಬಹುದು. ಅದಕ್ಕೆ ನನ್ನ ಬಳಿ ಮಾರ್ಗದರ್ಶಿ ಇಲ್ಲ.

ಎರಡನೆಯದು: ಮೀಟರ್ ಲೆಕ್ಕ

ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು: 0.72. ಯಾವುದೇ ಉಪಕರಣ ದಿನವಿಡೀ, ತಿಂಗಳಿಡೀ ಚಾಲೂ ಇದ್ದರೆ, ಅದು ಎಳೆಯುವ ವ್ಯಾಟ್ ಅನ್ನು 0.72ರಿಂದ ಗುಣಿಸಿದಷ್ಟು ಯೂನಿಟ್ ತಿಂಗಳಿಗೆ ಖರ್ಚಾಗುತ್ತದೆ. ಹತ್ತು ವ್ಯಾಟ್‌ನ ವೈಫೈ ರೂಟರ್ ಎಂದರೆ ಏಳು ಯೂನಿಟ್. ರಿಮೋಟ್‌ನಲ್ಲಿ ಮಾತ್ರ ಆರಿಸಿದ ಸೆಟ್‌ಟಾಪ್ ಬಾಕ್ಸ್ ಬಹುಮಟ್ಟಿಗೆ ಅಷ್ಟೇ ಎಳೆಯುತ್ತದೆ, ಏಕೆಂದರೆ ಅದು ಮಲಗಿದಂತೆ ನಟಿಸುತ್ತದೆಯೇ ಹೊರತು ಮಲಗುವುದಿಲ್ಲ. ಇನ್ವರ್ಟರ್ ಬ್ಯಾಟರಿ ತುಂಬಿದ ಮೇಲೂ ಸ್ವಲ್ಪ ಸ್ವಲ್ಪ ಕುಡಿಯುತ್ತಲೇ ಇರುತ್ತದೆ.

ಹೊರಡುವ ದಿನ ಒಂದು ಪರೀಕ್ಷೆ ಮಾಡಿ. ಮನೆಯ ಸ್ವಿಚ್‌ಗಳನ್ನೆಲ್ಲ ಆರಿಸಿ, ಮೇನ್ ಮಾತ್ರ ಹಾಕಿಟ್ಟು, ಮೀಟರಿನ ಮುಂದೆ ನಿಂತು ಅದರಲ್ಲಿ ಮಿನುಗುವ ಸಣ್ಣ ಕೆಂಪು ದೀಪವನ್ನು ಐದು ನಿಮಿಷ ನೋಡಿ. ಮಿನುಗುತ್ತಲೇ ಇದ್ದರೆ ಎಲ್ಲೋ ಏನೋ ಕುಡಿಯುತ್ತಿದೆ ಎಂದು ಅರ್ಥ. ನಮ್ಮಲ್ಲಿ ಆ ‘ಏನೋ’ ತೋಟದ ಕೊಟ್ಟಿಗೆಗೆ ಯಾವ ಕಾಲದಲ್ಲೋ ಎಳೆದಿದ್ದ ಲೈನ್ ಆಗಿತ್ತು. ತೇವ ಕುಡಿದ ವೈರು ಗೋಡೆಗೆ ಕರೆಂಟ್ ಸೋರಿಸುತ್ತಿತ್ತು.

ಮೂರನೆಯದು: ಕಾವಲು ಲೈನ್ ಒಂದನ್ನೇ ಉಳಿಸಿ

ಮೇನ್ ಪೂರ್ತಿ ಇಳಿಸುವುದಕ್ಕಿಂತ, ಎಲೆಕ್ಟ್ರಿಷಿಯನ್ ಕರೆಸಿ ಮನೆಯ ವೈರಿಂಗನ್ನು ಎರಡು ಭಾಗ ಮಾಡಿಸುವುದು ಲೇಸು. ಅಂಗಳದ ದೀಪ, ಕ್ಯಾಮೆರಾ ಇದ್ದರೆ ಅದು, ಬಾವಿಯ ಪಂಪ್ ಇವಿಷ್ಟು ಒಂದು ಎಂಸಿಬಿಯ (ಲೋಡ್ ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್) ಮೇಲೆ ಬರಲಿ. ಕೋಣೆಗಳು, ಅಡುಗೆಮನೆ, ಗೀಸರ್ ಎಲ್ಲ ಬೇರೆ ಎಂಸಿಬಿಗಳ ಮೇಲೆ ಇರಲಿ, ಅವನ್ನು ಇಳಿಸಿಬಿಡಿ. ಎರಡಕ್ಕೂ ಮೊದಲು, ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಒಂದು ಇರಲೇಬೇಕು. ಹಳೆಯ ಮನೆಗಳಲ್ಲಿ ಮರದ ಪಟ್ಟಿಯೊಳಗೆ ಓಡಿಸಿದ ವೈರಿಂಗ್, ಪಿಂಗಾಣಿಯ ಫ್ಯೂಸು ಇನ್ನೂ ಇದ್ದರೆ, ಕಾವಲು ಲೈನ್‌ನ ಮಟ್ಟಿಗಾದರೂ ಹೊಸ ವೈರ್ ಎಳೆಸಿ. ಜನ ಇರುವ ಮನೆಯಲ್ಲಿ ವೈರು ಸುಟ್ಟರೆ ಮೂಗಿಗೆ ತಿಳಿಯುತ್ತದೆ. ಬೀಗ ಹಾಕಿದ ಮನೆಗೆ ಮೂಗಿಲ್ಲ.

ಇನ್ವರ್ಟರ್ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು. ಮೇನ್ ಇಳಿಸಿದ ತಕ್ಷಣ ಇನ್ವರ್ಟರ್ ‘ಕರೆಂಟ್ ಹೋಯಿತು’ ಎಂದುಕೊಂಡು ತನ್ನ ಲೈನ್‌ಗಳಿಗೆ ಬ್ಯಾಟರಿಯಿಂದ ಕರೆಂಟ್ ಕೊಡತೊಡಗುತ್ತದೆ. ಮೇನ್ ಬಂದ್ ಆಗಿದೆ ಎಂದು ನಂಬಿ ಯಾರಾದರೂ ಬಲ್ಬ್ ಹೋಲ್ಡರ್‌ಗೆ ಕೈ ಹಾಕಿದರೆ ಹೊಡೆತ ಗ್ಯಾರಂಟಿ. ಯಾರೂ ಕೈ ಹಾಕದಿದ್ದರೆ ಬ್ಯಾಟರಿ ಪೂರ್ತಿ ಬರಿದಾಗಿ ಹಾಳಾಗುತ್ತದೆ. ನಮ್ಮ ಬ್ಯಾಟರಿ ಸತ್ತದ್ದು ಹೀಗೆ. ಆದ್ದರಿಂದ ಮೊದಲು ಇನ್ವರ್ಟರನ್ನೇ ಆರಿಸಿ, ಬ್ಯಾಟರಿ ತುಂಬಿದ ಸ್ಥಿತಿಯಲ್ಲಿ ಅದರ ಕೇಬಲ್ ಕಳಚಿ. ನಾಲ್ಕೈದು ತಿಂಗಳಿಗಿಂತ ಹೆಚ್ಚು ಕಾಲ ಬರುವುದಿಲ್ಲ ಎಂದಾದರೆ ಬ್ಯಾಟರಿಯನ್ನು ನೆರೆಯವರಿಗೆ ಬಳಸಲು ಕೊಟ್ಟುಬಿಡಿ. ಅವರ ಮನೆಗೆ ಬೆಳಕು, ನಿಮ್ಮ ಬ್ಯಾಟರಿಗೆ ಆಯುಸ್ಸು. ಕ್ಯಾಮೆರಾಕ್ಕೆ ಇನ್ವರ್ಟರ್ ಬೇಕೇ ಬೇಕು ಎನ್ನುವವರು ಎರಡು ಮೂರು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ನೋಡುವ ಒಬ್ಬರನ್ನು ಗೊತ್ತುಮಾಡಿಕೊಂಡಿರಬೇಕು.

ಸೋಲಾರ್ ಇರುವವರಿಗೆ ಇನ್ನೆರಡು ಮಾತು. ಪಿಎಂ ಸೂರ್ಯಘರ್ ಯೋಜನೆಯಲ್ಲೋ ಮತ್ತೊಂದರಲ್ಲೋ ಚಾವಣಿಗೆ ಫಲಕ ಹಾಕಿಸಿ ಗ್ರಿಡ್‌ಗೆ ಜೋಡಿಸಿದ್ದರೆ, ಮೇನ್ ಇಳಿಸಿದೊಡನೆ ಫಲಕಗಳೂ ಕೆಲಸ ನಿಲ್ಲಿಸುತ್ತವೆ. ಗ್ರಿಡ್‌ನ ಕರೆಂಟ್ ಕಾಣದಿದ್ದರೆ ಆ ಸೋಲಾರ್ ಇನ್ವರ್ಟರ್ ತಾನೂ ನಿಲ್ಲಬೇಕೆಂಬುದು ಲೈನ್‌ಮನ್‌ನ ಜೀವ ಕಾಯುವ ನಿಯಮ. ಮನೆ ಖಾಲಿ ಇರುವಾಗಲೇ ಅಲ್ಲವೇ ಹೆಚ್ಚು ಯೂನಿಟ್ ಹೊರಗೆ ಹೋಗಿ ಲೆಕ್ಕಕ್ಕೆ ಜಮೆಯಾಗುವುದು! ಆ ಲೈನ್ ಮಾತ್ರ ಚಾಲೂ ಇರಲಿ. ಸೋಲಾರ್ ವಾಟರ್ ಹೀಟರ್‌ನ ಕಥೆ ಇದಕ್ಕೆ ತದ್ವಿರುದ್ಧ. ನೀರು ಬಳಸದಿದ್ದರೂ ಬಿಸಿಲು ಕಾಯಿಸುತ್ತಲೇ ಇರುತ್ತದೆ. ಗಾಜಿನ ಕೊಳವೆಗಳ ಮೇಲೆ ದಪ್ಪ ಟಾರ್ಪಾಲು ಕಟ್ಟಿ. ನೀರು ಖಾಲಿ ಮಾಡಿ ಬಿಸಿಲಿಗೆ ಬಿಟ್ಟು, ಬಂದ ದಿನ ಮಧ್ಯಾಹ್ನ ತಣ್ಣೀರು ಬಿಟ್ಟರೆ ಕಾದ ಕೊಳವೆ ಸೀಳಬಹುದು.

ಫ್ರಿಜ್ ಖಾಲಿ ಮಾಡಿ, ಒರೆಸಿ, ಬಾಗಿಲ ಸಂದಿಗೆ ಬಟ್ಟೆಯ ಸುರುಳಿ ಇಟ್ಟು ತೆರೆದೇ ಬಿಡಿ. ಟಿವಿ, ಮಿಕ್ಸಿ, ರೂಟರ್‌ಗಳ ಪ್ಲಗ್ ಕಿತ್ತಿಡಿ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಸ್ವಿಚ್ ಆರಿಸಿದೆಯೋ ಇಲ್ಲವೋ ಎಂಬುದು ಮುಖ್ಯವಲ್ಲ, ಅದು ಸ್ವಿಚ್ಚಿನ ಸಂದನ್ನು ಹಾರಿ ಬರುತ್ತದೆ. ಡಿಶ್‌ನ ಕೇಬಲನ್ನೂ ಕಳಚಿ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ತೆಗೆದು ಮುಚ್ಚಳ ಹಾಕಿ.

ನಾಲ್ಕನೆಯದು: ಸಂಪರ್ಕ ಕತ್ತರಿಸಬೇಕೇ?

ಯಾರಾದರೂ ಕೇಳಿದರೆ ಬೇಡ ಎನ್ನುತ್ತೇನೆ. ಬಳಕೆ ಸೊನ್ನೆಯಾದರೂ ಮಂಜೂರಾದ ಲೋಡ್‌ನ ಪ್ರತಿ ಕಿಲೊವ್ಯಾಟ್‌ಗೆ ತಿಂಗಳಿಗೆ ನೂರು ರೂಪಾಯಿಗೂ ಮಿಗಿಲಾದ ನಿಗದಿತ ಶುಲ್ಕ ಬರುತ್ತದೆ ಎಂಬುದು ನಿಜ. ಅದಕ್ಕೆ ಮದ್ದು ಲೋಡ್ ಇಳಿಸುವುದು. ಎಲ್ಲರೂ ಮನೆಯಲ್ಲಿದ್ದ ಕಾಲದಲ್ಲಿ ಐದು ಕಿಲೊವ್ಯಾಟ್ ಮಂಜೂರಾಗಿದ್ದರೆ, ಈಗಿನ ಅಂಗಳದ ದೀಪಕ್ಕೂ ಒಂದು ಎಚ್‌ಪಿ ಪಂಪಿಗೂ ಎರಡು ಧಾರಾಳವಾಗಿ ಸಾಕು. ಒಂದು ಎಚ್‌ಪಿ ಎಂದರೆ 746 ವ್ಯಾಟ್ ಅಷ್ಟೇ. ಮೆಸ್ಕಾಂ, ಹೆಸ್ಕಾಂ, ಬೆಸ್ಕಾಂ ಯಾವುದೇ ಇರಲಿ, ನಿಮ್ಮ ಉಪವಿಭಾಗದ ಕಚೇರಿಯಲ್ಲಿ ಅರ್ಜಿ ಕೊಡಿ. ಸಂಪರ್ಕವನ್ನೇ ಕತ್ತರಿಸಿಕೊಂಡರೆ ಮತ್ತೆ ಪಡೆಯುವಾಗ ಹಳೆಯ ವೈರಿಂಗ್‌ನ ತಪಾಸಣೆ, ಶುಲ್ಕ, ಓಡಾಟ ಎಲ್ಲ ಮೊದಲಿಂದ. ಬಿಲ್ ಕಟ್ಟದೆ ತಾನಾಗಿ ಕಡಿತವಾಗಲಿ ಎಂದು ಬಿಡುವುದಂತೂ ಕೂಡದು. ಬಾಕಿ ಬೆಳೆಯುತ್ತದೆ, ಮೀಟರ್ ಕಿತ್ತುಕೊಂಡು ಹೋಗುತ್ತಾರೆ.

ಮೀಟರ್ ಮನೆಯೊಳಗಿದ್ದರೆ ಜಗಲಿಗೋ ಕಾಂಪೌಂಡಿಗೋ ತರಿಸಿ. ರೀಡಿಂಗ್‌ಗೆ ಬಂದವರು ಬೀಗ ಕಂಡು ಹಿಂದಿರುಗಿದರೆ ಸರಾಸರಿ ಲೆಕ್ಕದ ಬಿಲ್ ಬರುತ್ತದೆ. ಹಣ ಹೋಗುವುದು ಹಾಗಿರಲಿ, ನಿಮ್ಮ ದಿನಚರಿಯೇ ಸುಳ್ಳಾಗುತ್ತದೆ.

ಗೃಹಜ್ಯೋತಿಯ ಲೆಕ್ಕವನ್ನೂ ಒಮ್ಮೆ ಹಾಕಿ. 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ 2022-23ರ ಸರಾಸರಿ ಬಳಕೆಯ ಮೇಲೆ ಶೇ 10 (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 2024ರಿಂದ 10 ಯೂನಿಟ್) ಸೇರಿಸಿ, 200 ಯೂನಿಟ್‌ನ ಮಿತಿಯೊಳಗೆ ಉಚಿತ. ಒಂದು ಆಧಾರ್‌ಗೆ ಒಂದೇ ಆರ್‌.ಆರ್‌. ಸಂಖ್ಯೆ. ಅನೇಕರು ಊರಿನ ಖಾಲಿ ಮನೆಗೆ ಆಧಾರ್ ಜೋಡಿಸಿಟ್ಟು, ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಪೂರ್ತಿ ಬಿಲ್ ಕಟ್ಟುತ್ತಿದ್ದಾರೆ. ಹಳೆಯ ಜೋಡಣೆ ಬಿಡಿಸಿ ವಾಸದ ಮನೆಗೆ ಜೋಡಿಸಲು ಈಗ ಅವಕಾಶವಿದೆ. ಹಾಗೆ ಮಾಡಿದರೆ ಊರಿನ ಮನೆಗೆ ನಿಗದಿತ ಶುಲ್ಕ ಬರುತ್ತದೆ. ಎರಡನ್ನೂ ತೂಗಿ ನೋಡಿ.

ಐದನೆಯದು: ಪಾಲಿಸಿ ಓದುವುದು

ಮನೆ ವಿಮೆ ಎಂದರೆ ಈಗ ಸಾಮಾನ್ಯವಾಗಿ ಕೈಗೆ ಬರುವುದು ‘ಭಾರತ್ ಗೃಹ ರಕ್ಷಾ’. ವಿಮಾ ನಿಯಂತ್ರಣ ಪ್ರಾಧಿಕಾರದ ಸೂಚನೆಯಂತೆ 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು ಒಂದೇ ಮಾದರಿಯಲ್ಲಿ ಕೊಡುವ ಪಾಲಿಸಿ ಇದು. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಮರ ಬೀಳುವುದು, ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆಯುವುದು ಇವೆಲ್ಲ ಇದರಲ್ಲಿ ಸೇರಿವೆ. 2018ರಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ಕಂಡವರಿಗೆ ಭೂಕುಸಿತ ಎಂಬ ಪದದ ಬೆಲೆ ಹೇಳಬೇಕಾಗಿಲ್ಲ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಮನೆಯೊಳಗಿನ ಸಾಮಾನ್ಯ ಸಾಮಾನಿಗೆ ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ತಾನಾಗಿ ರಕ್ಷಣೆ ಸಿಗುತ್ತದೆ. ಹತ್ತು ವರ್ಷದವರೆಗೆ ಒಟ್ಟಿಗೆ ಮಾಡಿಸಬಹುದು.

ಇಲ್ಲಿ ಜನ ಎಡವುವುದು ಕಳ್ಳತನದ ವಿಷಯದಲ್ಲಿ. ಈ ಮೂಲ ಪಾಲಿಸಿಯಲ್ಲಿ ಕಳ್ಳತನಕ್ಕೆ ರಕ್ಷಣೆ ಇರುವುದು ಬೆಂಕಿ, ಪ್ರವಾಹದಂಥ ಘಟನೆ ನಡೆದ ಏಳು ದಿನಗಳೊಳಗೆ, ಅದರಿಂದಾಗಿ ಕಳವಾದರೆ ಮಾತ್ರ. ಬೀಗ ಒಡೆದು ಹಿತ್ತಾಳೆ ಹಂಡೆ ಹೊತ್ತುಕೊಂಡು ಹೋದರೆ ಇದು ಕೊಡುವುದಿಲ್ಲ. ಅದಕ್ಕೆ ಕನ್ನಗಳವಿನ ರಕ್ಷಣೆಯನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ‘ಮನೆಯಲ್ಲಿ ಇಷ್ಟು ದಿನ ಯಾರೂ ಇಲ್ಲದಿದ್ದರೆ ಅನ್ವಯಿಸದು’ ಎಂಬ ಸಾಲು ಅತಿ ಹೆಚ್ಚು ಕಾಣಿಸಿಕೊಳ್ಳುವುದೂ ಕನ್ನಗಳವಿನ ರಕ್ಷಣೆಯಲ್ಲೇ.

ಆ ಸಾಲನ್ನು ಹುಡುಕುವುದೇ ಈ ಹಂತದ ಮುಖ್ಯ ಕೆಲಸ. ಹಳೆಯ ಮಾದರಿಯ ಅಗ್ನಿ ಪಾಲಿಸಿಗಳಲ್ಲಿ 30 ದಿನದ ಷರತ್ತು ಸ್ಪಷ್ಟವಾಗಿತ್ತು: ಕಂಪನಿಯ ಒಪ್ಪಿಗೆ ಪಡೆಯದೆ ಅದಕ್ಕಿಂತ ಹೆಚ್ಚು ಕಾಲ ಮನೆ ವಾಸವಿಲ್ಲದೆ ಉಳಿದರೆ ರಕ್ಷಣೆ ನಿಲ್ಲುತ್ತದೆ. ಒಪ್ಪಿಗೆ ಪಡೆಯದೆ ಎಂಬಲ್ಲಿಯೇ ದಾರಿ ಇದೆ. ಕೊಳ್ಳುವ ಮೊದಲೇ ಪ್ರಸ್ತಾವನೆಯ ಅರ್ಜಿಯಲ್ಲಿ ‘ಮನೆ ವರ್ಷದಲ್ಲಿ ಇಷ್ಟು ತಿಂಗಳು ಬೀಗ ಹಾಕಿರುತ್ತದೆ, ಸಾಮಾನು ಒಳಗಿರುತ್ತದೆ, ಇಂಥವರು ವಾರಕ್ಕೊಮ್ಮೆ ನೋಡುತ್ತಾರೆ’ ಎಂದು ಬರೆಯಿರಿ. ಈಗಾಗಲೇ ಪಾಲಿಸಿ ಇದ್ದರೆ ಕಂಪನಿಗೆ ಇ-ಮೇಲ್ ಮಾಡಿ ಇದನ್ನೇ ತಿಳಿಸಿ, ಪಾಲಿಸಿಗೆ ಸೇರುವ ಲಿಖಿತ ತಿದ್ದುಪಡಿ, ಅಂದರೆ ಎಂಡಾರ್ಸ್‌ಮೆಂಟ್ ಕೇಳಿ. ಏಜೆಂಟರು ಫೋನಿನಲ್ಲಿ ‘ಏನೂ ತೊಂದರೆ ಇಲ್ಲ ಸರ್’ ಎನ್ನುತ್ತಾರೆ. ಒಳ್ಳೆಯ ಮಾತು, ಆದರೆ ಅದು ಎಂಡಾರ್ಸ್‌ಮೆಂಟ್ ಅಲ್ಲ. ಕೆಲವೊಮ್ಮೆ ಪ್ರೀಮಿಯಂ ಸ್ವಲ್ಪ ಹೆಚ್ಚಾದೀತು, ಕೊಡಿ. ಆಮೇಲೆ ಮನೆಯನ್ನು ಹೋಂಸ್ಟೇ ಮಾಡಿದರೂ, ತೋಟದ ಗೇಣಿದಾರರಿಗೆ ಇರಲು ಕೊಟ್ಟರೂ ಮತ್ತೆ ತಿಳಿಸಬೇಕು.

‘ಯಾರೋ ಇದ್ದಾರೆ’ ಎಂದು ಸುಳ್ಳು ಬರೆಯುವ ಆಸೆ ಬೇಡ. ಸೊನ್ನೆ ಯೂನಿಟ್‌ನ ಬಿಲ್ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ. ಅದೇ ಬಿಲ್, ವಾರಕ್ಕೊಮ್ಮೆ ಪಂಪ್ ಹಾಕಿ ದೀಪ ಹಚ್ಚಿದ ನಾಲ್ಕೈದು ಯೂನಿಟ್ ತೋರಿಸಿದರೆ, ಮನೆಯನ್ನು ನೋಡಿಕೊಳ್ಳುತ್ತಿದ್ದಿರಿ ಎಂಬ ನಿಮ್ಮ ಮಾತಿಗೆ ಬೆಂಬಲವಾಗುತ್ತದೆ. ಅಷ್ಟಕ್ಕೇ ಅದು ‘ವಾಸದ ಮನೆ’ ಆಗಿಬಿಡುವುದಿಲ್ಲ, ತಿಳಿಸುವ ಕರ್ತವ್ಯ ಇದ್ದೇ ಇದೆ.

ವಿಮಾ ಮೊತ್ತವನ್ನು ಜಾಗದ ಮಾರುಕಟ್ಟೆ ಬೆಲೆಗೆ ಹಾಕಬೇಡಿ. ಭೂಮಿ ಸುಡುವುದಿಲ್ಲ. ಮನೆಯ ಕಾರ್ಪೆಟ್ ವಿಸ್ತೀರ್ಣವನ್ನು (ಗೋಡೆ ಬಿಟ್ಟು ಒಳಗಿನ ನೆಲದ ಅಳತೆ) ಇವತ್ತು ಅಂಥದೇ ಮನೆ ಕಟ್ಟಲು ಚದರಡಿಗೆ ಆಗುವ ಖರ್ಚಿನಿಂದ ಗುಣಿಸಿ. ಹಲಸು, ಬೀಟೆಯ ಕಂಬ, ಕೆತ್ತನೆಯ ಬಾಗಿಲು ಇರುವ ಮನೆಯವರು ಊರಿನ ಬಡಗಿಯ ಬಳಿ ಅಂದಾಜು ಬರೆಸಿಕೊಂಡು ಅದನ್ನು ಮೊದಲೇ ಕೊಡಿ. ಗೋಡೆ ಮಣ್ಣಿನದೋ, ಕಲ್ಲಿನದೋ, ಮಾಡು ಮಂಗಳೂರು ಹಂಚಿನದೋ, ಹಿಂಭಾಗದಲ್ಲಿ ಸೋಗೆಯ ಮಾಡು ಇದೆಯೋ ಎಲ್ಲ ಇದ್ದದ್ದು ಇದ್ದಂತೆ ಬರೆಯಿರಿ.

ಗೆದ್ದಲು, ತೇವ, ಹಳತಾಗಿ ಸವೆಯುವುದು ಯಾವ ಪಾಲಿಸಿಯಲ್ಲೂ ಸೇರುವುದಿಲ್ಲ. ಮಲೆನಾಡಿನ ಬೀಗ ಹಾಕಿದ ಮನೆಯನ್ನು ತಿನ್ನುವುದು ನಿಜಕ್ಕೂ ಈ ಮೂರೇ.

ಆರನೆಯದು: ನೋಡುವವರು ಮತ್ತು ಪುಸ್ತಕ

ನಮ್ಮಜ್ಜಿಯ ಕಾಲದಲ್ಲಿ ದಿನಾ ಒಲೆ ಉರಿಯುತ್ತಿತ್ತು. ಹೊಗೆ ಅಟ್ಟಕ್ಕೆ ಏರಿ ಮಾಡಿನ ಮರದ ಪಕಾಸು, ರೀಪುಗಳಿಗೆಲ್ಲ ಮಸಿ ಮೆತ್ತಿ ಹುಳ ಹಿಡಿಯದಂತೆ ಕಾಯುತ್ತಿತ್ತು. ಒಲೆ ಆರಿದ ಮನೆಯ ಮರ ಎರಡೇ ಮಳೆಗಾಲದಲ್ಲಿ ಹುಡಿ ಉದುರಿಸತೊಡಗುತ್ತದೆ. ಆದ್ದರಿಂದ ನೋಡುವವರಿಗೆ ‘ಆಗಾಗ ಒಂದು ಕಣ್ಣಿಟ್ಟಿರಿ’ ಎಂದಷ್ಟೇ ಹೇಳಿ ಬರಬೇಡಿ. ಕೆಲಸ ಹೇಳಿ, ಅದಕ್ಕೆ ಹಣವನ್ನೂ ಕೊಡಿ. ಪಕ್ಕದ ಮನೆಯ ಅಕ್ಕ ಮೊದಲು ದುಡ್ಡು ಬೇಡವೆಂದರು. ‘ಅಕ್ಕ, ನೀವು ತೆಗೆದುಕೊಳ್ಳದಿದ್ದರೆ ನನಗೆ ಕೇಳುವ ಮುಖ ಇರುವುದಿಲ್ಲ’ ಎಂದ ಮೇಲೆ ಒಪ್ಪಿದರು.

ಅವರು ವಾರಕ್ಕೊಮ್ಮೆ ಬಂದು ಕಿಟಕಿ ತೆರೆಯುತ್ತಾರೆ, ಒಲೆಗೆ ನಾಲ್ಕು ಸೌದೆ ಇಟ್ಟು ಹೊಗೆ ಮಾಡಿ, ಪೂರ್ತಿ ಆರಿಸಿ ನೀರು ಚಿಮುಕಿಸಿಯೇ ಹೊರಡುತ್ತಾರೆ. ಮಂಗ ಸರಿಸಿದ ಹಂಚು ಇದ್ದರೆ ಹೇಳುತ್ತಾರೆ. ಟ್ಯಾಂಕ್ ಖಾಲಿ ಇದೆಯೇ, ಎಲ್ಲಾದರೂ ನೀರು ನಿಂತು ಸೊಳ್ಳೆಯಾಗಿದೆಯೇ ನೋಡುತ್ತಾರೆ. ಕೊನೆಗೆ ಮೀಟರಿನ ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ಆ ಫೋಟೋವೇ ನನ್ನ ಪುಸ್ತಕ. ಒಮ್ಮೆ ಒಂದೇ ವಾರದಲ್ಲಿ ಹದಿನೆಂಟು ಯೂನಿಟ್ ಓಡಿತ್ತು. ವಿಚಾರಿಸಿದರೆ ಪಕ್ಕದ ತೋಟದ ಕೆಲಸದವರು ನಮ್ಮ ಕೊಟ್ಟಿಗೆಯ ಪ್ಲಗ್ಗಿನಿಂದ ಅಡಿಕೆ ಸುಲಿಯುವ ಯಂತ್ರ ಓಡಿಸಿದ್ದರು. ದುರಾಲೋಚನೆ ಏನಿಲ್ಲ, ಖಾಲಿ ಮನೆ ಅಲ್ಲವೇ ಎಂದಿದ್ದರು. ಆದರೆ ಬೆಂಕಿ ಬಿದ್ದಿದ್ದರೆ ಉತ್ತರ ಹೇಳಬೇಕಾದವನು ನಾನು.

ರೋಹಿಣಿ ಮಳೆ ಹಿಡಿಯುವ ಮೊದಲು ಒಮ್ಮೆ, ದಸರಾ ಕಳೆದ ಮೇಲೆ ಒಮ್ಮೆ ನಾವೇ ಹೋಗುತ್ತೇವೆ. ಮೊದಲಿನದರಲ್ಲಿ ಮಾಡಿನ ಮೇಲೆ ಚಾಚಿದ ಕೊಂಬೆ ಕಡಿಸುವುದು, ಅರ್ಥಿಂಗ್ ಗುಂಡಿಗೆ ನೀರು ಹಾಕುವುದು, ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ನೋಡುವುದು. ಎರಡು ಸಲವೂ ಪ್ರತಿ ಕೋಣೆಯ ವಿಡಿಯೋ ತೆಗೆದು ಮೊಬೈಲ್‌ನಲ್ಲಿ ಬಿಡದೆ ಇ-ಮೇಲ್‌ಗೆ ಹಾಕಿಡುತ್ತೇನೆ. ಪೊಲೀಸ್ ಠಾಣೆಗೂ ಮನೆ ಬೀಗ ಹಾಕಿರುವ ವಿಷಯ ತಿಳಿಸಿದ್ದೇವೆ.

ಏಳನೆಯದು: ಏನಾದರೂ ಆದರೆ

ಸುದ್ದಿ ಬಂದ ದಿನವೇ ಕಂಪನಿಗೆ ತಿಳಿಸಿ ನೋಂದಣಿ ಸಂಖ್ಯೆ ಪಡೆಯಿರಿ, ಊರಿಗೆ ಹೋಗುವ ತನಕ ಕಾಯಬೇಡಿ. ಕಳವಾದರೆ ಎಫ್‌ಐಆರ್, ಬೆಂಕಿಯಾದರೆ ಅಗ್ನಿಶಾಮಕದವರ ವರದಿ ಬೇಕು. ನಷ್ಟ ಹೆಚ್ಚಾಗದಂತೆ ಟಾರ್ಪಾಲು ಹೊದಿಸಬಹುದು, ಹೊದಿಸಲೇಬೇಕು; ಆದರೆ ಮೊದಲು ಫೋಟೋ. ಒಡೆದ ಹಂಚು, ಸುಟ್ಟ ವೈರುಗಳನ್ನು ಸರ್ವೇಯರ್ ನೋಡುವವರೆಗೆ ಎಸೆಯಬೇಡಿ. ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಾದರೂ ತೃಪ್ತಿಕರ ಉತ್ತರ ಬಾರದಿದ್ದರೆ ವಿಮೆಯ ದೂರು ವಿಚಾರಿಸಿ ತೀರ್ಮಾನಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ಆದರೆ ಒಂದು ವರ್ಷದೊಳಗೆ ಹೋಗಬೇಕು.

ಮನೆಗೆ ಮರಳಿದ ದಿನ

ಬಾಗಿಲು ತೆರೆದ ಕೂಡಲೇ ದೀಪದ ಸ್ವಿಚ್‌ಗೆ ಕೈ ಹೋಗುವುದು ಸಹಜ. ತಡೆಯಿರಿ. ಮೊದಲು ಕಿಟಕಿಗಳನ್ನು ತೆರೆದು ಗ್ಯಾಸ್ ವಾಸನೆ, ಸುಟ್ಟ ವಾಸನೆ ಇದೆಯೇ ನೋಡಿ. ಟಾರ್ಚ್ ಹಿಡಿದು ಅಟ್ಟದ ವೈರುಗಳನ್ನು ಒಮ್ಮೆ ಕಣ್ಣಾಡಿಸಿ. ಆಮೇಲೆ ಎಂಸಿಬಿಗಳನ್ನು ಒಂದೊಂದಾಗಿ, ನಡುವೆ ಎರಡು ನಿಮಿಷ ಬಿಟ್ಟು ಎತ್ತಿ. ಯಾವುದಾದರೂ ಎತ್ತಿದೊಡನೆ ಆರ್‌ಸಿಸಿಬಿ ಬಿದ್ದರೆ ಆ ಲೈನನ್ನು ಹಾಗೆಯೇ ಇಳಿಸಿಟ್ಟು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ, ಹಟ ಹಿಡಿದು ಮತ್ತೆ ಮತ್ತೆ ಎತ್ತಬೇಡಿ. ಗೀಸರ್‌ಗೆ ನೀರು ತುಂಬಿದ್ದು ಖಾತ್ರಿಯಾದ ಮೇಲೆಯೇ ಅದರ ಸ್ವಿಚ್.

ಮೀಟರ್ ಪೆಟ್ಟಿಗೆಯ ಮುಚ್ಚಳವನ್ನು ಮಾತ್ರ ಬರಿಗೈಯಲ್ಲಿ ತೆರೆಯಬೇಡಿ. ದೂರದಿಂದ ಕೋಲಿನಲ್ಲಿ ತಟ್ಟಿ ಸ್ವಲ್ಪ ಹೊತ್ತು ನಿಲ್ಲಿ. ಕಡಜಗಳಿಗೆ ಅದಕ್ಕಿಂತ ಬೆಚ್ಚನೆಯ ಜಾಗ ಮನೆಯಲ್ಲಿ ಬೇರೆ ಇಲ್ಲ.